ಬೆಂಕಿ ನಂದಿಸುವವರ ಬಳಲಿಕೆಯನ್ನು ರಕ್ತ ಪರೀಕ್ಷೆ ಹೇಳುವುದೇ?

(ಅಗ್ನಿಶಾಮಕ ಸೇವಾ ಸಪ್ತಾಹದ ಅಂಗವಾಗಿ ಸಿಬ್ಬಂದಿ ಮತ್ತು ಅವರ ಕುಟುಂಬದವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ವರ್ಷದ ಸಪ್ತಾಹದಲ್ಲಿಯೂ ನಾವು ಇದೇ ಸಭಾಂಗಣದಲ್ಲಿ ಮಾತನಾಡಿದ್ದೆವು. ಅಂದು ನಮ್ಮ ಭಾಷಣ ತ್ಯಾಗ, ಸಾಹಸ, ಸೇವೆ ಎಂಬ ಪದಗಳಲ್ಲೇ ಮುಗಿದಿತ್ತು. ಚಪ್ಪಾಳೆಯೂ ಬಿತ್ತು. ಸಭೆ ಮುಗಿದು ಕೆಳಗಿಳಿಯುವಾಗ ಸಿಬ್ಬಂದಿಯೊಬ್ಬರ ಪತ್ನಿ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ನಮ್ಮನ್ನು ತಡೆದು ನಿಲ್ಲಿಸಿದರು. "ಸರ್, ನಮ್ಮವರು ಮೊದಲು ಹೀಗಿರಲಿಲ್ಲ. ಈಗ ಡ್ಯೂಟಿ ಮುಗಿಸಿ ಬಂದರೆ ಮಾತೇ ಇಲ್ಲ. ಮಕ್ಕಳು ಪಾತ್ರೆ ಬೀಳಿಸಿದರೂ ಹಾರಿ ಬೀಳುತ್ತಾರೆ. ಹಗಲು ಮಲಗುತ್ತಾರೆ, ನಿದ್ದೆ ಬರುವುದಿಲ್ಲ. ಹಾರ್ಮೋನು ಕಡಿಮೆಯಾಗಿದೆ, ರಕ್ತ ಪರೀಕ್ಷೆ ಮಾಡಿಸಿ ಎಂದು ಯಾರೋ ಹೇಳಿದ್ದಾರೆ. ಅದಕ್ಕೆ ಕೆಲವು ಸಾವಿರ ಆಗುತ್ತದಂತೆ. ಮಾಡಿಸಬೇಕಾ?" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ತ್ಯಾಗದ ಕುರಿತು ಮುಕ್ಕಾಲು ಗಂಟೆ ಮಾತನಾಡಿದವರ ಬಳಿ ತ್ಯಾಗಿಯ ಮನೆಯವರು ಕೇಳಿದ ಒಂದು ಸರಳ ಪ್ರಶ್ನೆಗೆ ಉತ್ತರವಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ಬಳಿಕ ಈ ಒಂದು ವರ್ಷದಲ್ಲಿ ಓದಿದ್ದನ್ನು, ತಿಳಿದವರಲ್ಲಿ ಕೇಳಿದ್ದನ್ನು ಇಂದು ತಮ್ಮ ಮುಂದಿಡುತ್ತೇವೆ. ನಾವು ವೈದ್ಯರಲ್ಲ. ಆದರೆ ವೈದ್ಯಕೀಯ ಗ್ರಂಥಗಳಲ್ಲಿ ಮಾತ್ರ ಮುಚ್ಚಿಡಬೇಕಾದಷ್ಟು ಗಹನವಾದ ವಿಚಾರವೂ ಇದಲ್ಲ.

ಏಪ್ರಿಲ್ 14ರಂದು ದೇಶದಾದ್ಯಂತ ಅಗ್ನಿಶಾಮಕ ಠಾಣೆಗಳಲ್ಲಿ ಮೌನಾಚರಣೆ ನಡೆಯುತ್ತದೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೈನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಂದೇ ಹಡಗಿನಲ್ಲಿ ತುಂಬಿಸಿದ್ದ ಆಡಳಿತದ ಅವಿವೇಕಕ್ಕೆ ಬೆಲೆ ತೆತ್ತವರು ನೀರಿನ ಕೊಳವೆ ಹಿಡಿದು ನಿಂತವರು. ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಹಡಗು ಸಿಡಿದಾಗ ಮುಂಬಯಿ ಅಗ್ನಿಶಾಮಕ ದಳದ 66 ಮಂದಿ ಪ್ರಾಣ ತೆತ್ತರು. ಅವರನ್ನು ಸ್ಮರಿಸುವುದು ಸರಿ, ನ್ಯಾಯ. ಆದರೆ ಸತ್ತವರನ್ನು ಸ್ಮರಿಸುವ ಈ ದೇಶಕ್ಕೆ, ಬದುಕಿ ಮನೆಗೆ ಮರಳುವ ಫೈರ್‌ಮ್ಯಾನ್ ಯಾವ ಸ್ಥಿತಿಯಲ್ಲಿ ಮರಳುತ್ತಾನೆ ಎಂದು ವಿಚಾರಿಸುವ ವ್ಯವಧಾನ ಇದೆಯೇ?

ಮೊದಲು ಶರೀರದ ವಿಚಾರ.

ಠಾಣೆಯ ಗಂಟೆ ಬಾರಿಸಿತು ಎಂದಿಟ್ಟುಕೊಳ್ಳಿ. ಗಂಟೆಯ ಸದ್ದು ಕಿವಿಗೆ ಬಿದ್ದ ಕೆಲವೇ ಕ್ಷಣಗಳಲ್ಲಿ ಮೂತ್ರಪಿಂಡಗಳ ಮೇಲೆ ಟೊಪ್ಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಯಕೃತ್ತು ಕೂಡಿಟ್ಟಿದ್ದ ಸಕ್ಕರೆಯನ್ನು ಹೊರಹಾಕುತ್ತದೆ, ಜೀರ್ಣಕ್ರಿಯೆ ನಿಧಾನಿಸುತ್ತದೆ. ಓಡಲು ಅಥವಾ ಎದುರಿಸಲು ಶರೀರ ಮಾಡಿಕೊಳ್ಳುವ ಸಿದ್ಧತೆ ಇದು. ಅಮೇರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರ ವಿಜ್ಞಾನಿ ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಇದರ ಬೆನ್ನಿಗೇ ಎರಡನೆಯ ಸರಪಳಿಯೊಂದು ಚಲಿಸುತ್ತದೆ. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯು ಅಡ್ರಿನಲ್‌ಗೆ ಸೂಚನೆ ಕೊಡುತ್ತದೆ. ಆಗ ಕಾರ್ಟಿಸಾಲ್ ಎಂಬ ಹಾರ್ಮೋನು ಬರುತ್ತದೆ. ಅಡ್ರಿನಲಿನ್‌ಗೆ ಕ್ಷಣಗಳು ಸಾಕು. ಕಾರ್ಟಿಸಾಲ್ ಗರಿಷ್ಠ ಮಟ್ಟ ತಲುಪಲು ಸುಮಾರು 20ರಿಂದ 30 ನಿಮಿಷ ಬೇಕು. ಅಂದರೆ ಫೈರ್‌ಮ್ಯಾನ್ ಬೆಂಕಿಯ ಮುಂದೆ ನಿಂತ ಹೊತ್ತಿಗೆ ಅದು ಅವನ ರಕ್ತದಲ್ಲಿ ತುಂಬಿರುತ್ತದೆ.

ಇದರಲ್ಲಿ ಕೆಡುಕೇನಿಲ್ಲ. ಈ ಹಾರ್ಮೋನುಗಳಿಲ್ಲದೆ ಯಾರೂ ಉರಿಯುವ ಕಟ್ಟಡದೊಳಗೆ ಹೆಜ್ಜೆಯಿಡಲಾರರು. ಕಾರ್ಟಿಸಾಲನ್ನು ಶತ್ರುವೆಂಬಂತೆ ಚಿತ್ರಿಸುವ ಜಾಹೀರಾತುಗಳನ್ನು ನೋಡಿದಾಗ ನಮಗೆ ಸೋಜಿಗವಾಗುತ್ತದೆ. ಶರೀರದ ವ್ಯವಸ್ಥೆ ಎಷ್ಟು ಚೆನ್ನಾಗಿದೆಯೆಂದರೆ, ಹೆಚ್ಚಾದ ಕಾರ್ಟಿಸಾಲ್ ತಾನೇ ಮೆದುಳಿಗೆ ಮರಳಿ ಹೋಗಿ "ಇನ್ನು ಸಾಕು" ಎಂದು ಹೇಳುತ್ತದೆ, ಸರಪಳಿ ನಿಲ್ಲುತ್ತದೆ. ಕೆಲಸ ಮುಗಿಯಿತು, ಶರೀರ ಶಾಂತವಾಯಿತು. ಇದು ಪ್ರಕೃತಿಯ ಲೆಕ್ಕ.

ಆದರೆ ಪ್ರಕೃತಿಯ ಈ ಲೆಕ್ಕದಲ್ಲಿ ಒಂದು ನಿಬಂಧನೆಯಿದೆ. ಅಪಾಯ ಮುಗಿಯಬೇಕು, ಆ ಬಳಿಕ ವಿಶ್ರಾಂತಿ ಸಿಗಬೇಕು. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿ ಬರೆದ ಪುಟ್ಟ ಲೇಖನವೊಂದು ಈ ವಿಷಯದ ಚರ್ಚೆಗೆ ನಾಂದಿ ಹಾಡಿತು. ಚಳಿಯಿರಲಿ, ಗಾಯವಿರಲಿ, ಅತಿ ದುಡಿಮೆಯಿರಲಿ, ಶರೀರ ಮೊದಲು ಎಚ್ಚೆತ್ತುಕೊಳ್ಳುತ್ತದೆ, ಬಳಿಕ ತಾಳಿಕೊಳ್ಳುತ್ತದೆ, ಪೀಡೆ ಮುಂದುವರಿದರೆ ಕೊನೆಗೆ ಸೋಲುತ್ತದೆ ಎಂದು ಅವರು ಕಂಡರು. 1990ರ ದಶಕದಲ್ಲಿ ಬ್ರೂಸ್ ಮೆಕ್‌ಇವನ್ ಎಂಬ ಮತ್ತೊಬ್ಬ ವಿಜ್ಞಾನಿ ಇದನ್ನು ಮುಂದುವರಿಸಿ, ಮತ್ತೆ ಮತ್ತೆ ಎಚ್ಚರಗೊಳ್ಳುವ ಶರೀರದ ಮೇಲೆ ಬೀಳುವ ಸವೆತದ ಹೊರೆಯನ್ನು ವಿವರಿಸಿದರು. ರಕ್ತನಾಳ, ಸಕ್ಕರೆಯ ನಿಯಂತ್ರಣ, ನೆನಪಿನ ಶಕ್ತಿ, ರೋಗ ನಿರೋಧಕ ಶಕ್ತಿ ಎಲ್ಲದರ ಮೇಲೂ ಈ ಹೊರೆ ಬೀಳುತ್ತದೆ.

ಬಂಧುಗಳೇ, ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದಿನವಿಡೀ ಬೆಂಕಿ ಬೀಳುತ್ತದೆಯೇ? ಠಾಣೆಯಲ್ಲಿ ಇವರು ಕ್ಯಾರಂ ಆಡುತ್ತಾ, ಪೇಪರ್ ಓದುತ್ತಾ ಕುಳಿತಿರುವುದನ್ನು ನಾವು ನೋಡಿಲ್ಲವೇ? ಹೌದು, ನೋಡಿದ್ದೇವೆ. ರಸ್ತೆಯಲ್ಲಿ ಹೋಗುವಾಗ ಠಾಣೆಯ ಕಡೆ ಕಣ್ಣು ಹಾಯಿಸಿ "ಸುಖದ ನೌಕರಿ" ಎಂದು ಹೇಳುವವರಲ್ಲಿ ನಾವೂ ಇದ್ದೆವು. ಈ ಮಾತನ್ನು ಸುಳ್ಳೆಂದು ತೋರಿಸಿದ ಅಧ್ಯಯನವೊಂದು ಅಗ್ನಿಶಾಮಕ ದಳದ ಮೇಲೆ ನಡೆದದ್ದಲ್ಲ, ಹಡಗಿನ ಇಂಜಿನಿಯರುಗಳ ಮೇಲೆ ನಡೆದದ್ದು. ಸ್ವೀಡನ್ನಿನ ಸಂಶೋಧಕರು ಅದನ್ನು 1988ರಲ್ಲಿ ಪ್ರಕಟಿಸಿದರು. ರಾತ್ರಿ ಯಂತ್ರದ ಎಚ್ಚರಿಕೆ ಗಂಟೆ ಬಾರಿಸಿದರೆ ಎದ್ದು ಹೋಗಬೇಕಾದ ಪಾಳಿಯಲ್ಲಿ ಮಲಗಿದ್ದ ಇಂಜಿನಿಯರುಗಳ ಮೆದುಳಿನ ತರಂಗಗಳನ್ನು ಅವರು ದಾಖಲಿಸಿದರು. ಆ ರಾತ್ರಿಗಳಲ್ಲಿ ಗಾಢನಿದ್ದೆ ಕಡಿಮೆಯಾಗಿತ್ತು, ಎದೆಬಡಿತ ಹೆಚ್ಚಾಗಿತ್ತು. ಗಮನಿಸಬೇಕಾದ ವಿಷಯವೇನೆಂದರೆ, ಗಂಟೆ ಇನ್ನೂ ಬಾರಿಸುವ ಮುನ್ನವೇ ನಿದ್ದೆ ಹೀಗೆ ಕೆಟ್ಟಿತ್ತು! ಬಾರಿಸಬಹುದು ಎಂಬ ಕಾಯುವಿಕೆಯೇ ನಿದ್ದೆಯನ್ನು ಕದಿಯಲು ಸಾಕಾಯಿತು.

ಹಾಗಾದರೆ ಒಂದೂ ಕರೆ ಬಾರದ ರಾತ್ರಿಯನ್ನು ಕಳೆದು ಬೆಳಿಗ್ಗೆ ಮನೆಗೆ ಮರಳುವ ಫೈರ್‌ಮ್ಯಾನ್‌ಗೆ, "ರಾತ್ರಿ ಮಲಗಿಯೇ ಇದ್ದಿರಲ್ಲ, ಪೇಟೆಗೆ ಹೋಗಿ ಅಕ್ಕಿ ತನ್ನಿ" ಎಂದು ಹೇಳುವ ನಾವು ಅವನಿಗೆ ನ್ಯಾಯ ಮಾಡುತ್ತಿದ್ದೇವೆಯೇ? ಮನೆಯವರನ್ನು ದೂರುವ ಉದ್ದೇಶ ನಮಗಿಲ್ಲ. ಹಾಜರಿ ಪುಸ್ತಕದಲ್ಲಿ ಆ ರಾತ್ರಿಯನ್ನು "ಕರೆ ಇಲ್ಲ" ಎಂದು ಬರೆಯುವ ಇಲಾಖೆಗೂ ಇದೇ ಪ್ರಶ್ನೆ.

ನಿದ್ದೆಗೂ ಹಾರ್ಮೋನಿಗೂ ಇರುವ ನಂಟು ಬಹಳ ಗಟ್ಟಿಯಾದುದು. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಗಿನ ಜಾವ ಏರತೊಡಗುತ್ತದೆ, ಎದ್ದ ಅರ್ಧ ಗಂಟೆಯಲ್ಲಿ ಶಿಖರ ಮುಟ್ಟುತ್ತದೆ, ಸಂಜೆಯ ಹೊತ್ತಿಗೆ ಇಳಿಯುತ್ತದೆ, ನಡುರಾತ್ರಿಯ ಸುಮಾರಿಗೆ ತಳ ಸೇರುತ್ತದೆ. 1999ರಲ್ಲಿ ಶಿಕಾಗೋದ ಸಂಶೋಧಕರು 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಹಾಸಿಗೆಯಲ್ಲಿರಿಸಿ ಪರೀಕ್ಷಿಸಿದರು. ಸಂಜೆ ಇಳಿಯಬೇಕಿದ್ದ ಕಾರ್ಟಿಸಾಲ್ ಇಳಿಯದೆ ಉಳಿದಿತ್ತು, ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಂದಿತ್ತು. 2011ರ ಮತ್ತೊಂದು ಪರೀಕ್ಷೆಯಲ್ಲಿ 10 ಮಂದಿ ಯುವಕರು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿದಾಗ ಅವರ ಹಗಲಿನ ಟೆಸ್ಟೋಸ್ಟಿರೋನ್ ಶೇ. 10ರಿಂದ 15ರಷ್ಟು ಇಳಿಯಿತು. ಇವು ಸಣ್ಣ ಪರೀಕ್ಷೆಗಳು, ಅದರಲ್ಲಿದ್ದವರು ಫೈರ್‌ಮ್ಯಾನ್‌ಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ಗಟ್ಟಿಮುಟ್ಟಾದ ಯುವಕರಲ್ಲೇ ಒಂದು ವಾರದಲ್ಲಿ ಇಷ್ಟು ವ್ಯತ್ಯಾಸವಾಗುವುದಾದರೆ, ಇಪ್ಪತ್ತು ವರ್ಷ ರಾತ್ರಿ ಪಾಳಿ ಮಾಡಿದ ನಲವತ್ತೈದರ ಪ್ರಾಯದವರ ಶರೀರದಲ್ಲಿ ಏನಾಗಿರಬಹುದು ಎಂದು ಯೋಚಿಸಲು ಯಾರ ಅನುಮತಿಯೂ ಬೇಕಿಲ್ಲ.

ಇನ್ನು ಹೃದಯದ ಮಾತು. ಫೈರ್‌ಮ್ಯಾನ್‌ನ ದೊಡ್ಡ ಶತ್ರು ಬೆಂಕಿ ಎಂದೇ ನಾವೆಲ್ಲ ಭಾವಿಸಿದ್ದೇವೆ. ಅಮೇರಿಕದಲ್ಲಿ 1994ರಿಂದ 2004ರ ವರೆಗೆ ಕರ್ತವ್ಯದಲ್ಲಿದ್ದಾಗ ಮೃತಪಟ್ಟ ಅಗ್ನಿಶಾಮಕ ಸಿಬ್ಬಂದಿಯ ದಾಖಲೆಗಳನ್ನು, 2001ರ ಸೆಪ್ಟೆಂಬರ್ 11ರ ದುರಂತದ ಸಾವುಗಳನ್ನು ಹೊರತುಪಡಿಸಿ, ಹಾರ್ವರ್ಡಿನ ಸಂಶೋಧಕರು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. 1,144 ಸಾವುಗಳಲ್ಲಿ 449, ಅಂದರೆ ಶೇ. 39, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಂಭವಿಸಿದ್ದವು. ಬೆಂಕಿ ನಂದಿಸುವ ಕೆಲಸಕ್ಕೆ ಅವರ ವಾರ್ಷಿಕ ಕರ್ತವ್ಯದ ಅವಧಿಯಲ್ಲಿ ಶೇ. 1ರಿಂದ 5ರಷ್ಟು ಸಮಯ ಮಾತ್ರ ಹೋಗುತ್ತದೆ. ಆದರೆ ಹೃದಯಾಘಾತದ ಸಾವುಗಳಲ್ಲಿ ಶೇ. 32ರಷ್ಟು ಆ ಅಲ್ಪ ಸಮಯದಲ್ಲೇ ಸಂಭವಿಸಿದ್ದವು. ಠಾಣೆಯ ಸಾಮಾನ್ಯ ಕೆಲಸಕ್ಕೆ ಹೋಲಿಸಿದರೆ ಅಪಾಯ 10ರಿಂದ 100 ಪಟ್ಟು. ಗಂಟೆ ಬಾರಿಸಿ ಹೊರಟ ಹಾದಿಯಲ್ಲಿ, ಕೆಲಸ ಮುಗಿಸಿ ಮರಳುವ ಹಾದಿಯಲ್ಲಿ ಕೂಡ ಅಪಾಯ ಏರಿತ್ತು. ಮರಳುವ ಹಾದಿಯಲ್ಲಿ ಬೆಂಕಿ ಎಲ್ಲಿದೆ? ಹೊಗೆ ಎಲ್ಲಿದೆ? ಇದಕ್ಕೆಲ್ಲ ಹಾರ್ಮೋನೊಂದೇ ಕಾರಣವಲ್ಲ. ಬಿಸಿ, ನಿರ್ಜಲತೆ, ಭಾರವಾದ ಉಡುಪು, ಹೊಗೆಯ ವಿಷಾನಿಲ, ಮೊದಲೇ ಇದ್ದ ರಕ್ತನಾಳದ ಕಾಯಿಲೆ, ಇವೆಲ್ಲ ಕೂಡಿಯೇ ಹೃದಯವನ್ನು ಕೆಡಹುತ್ತವೆ. ಆದರೆ ಶಾಂತವಾಗಿದ್ದ ಶರೀರವನ್ನು ಒಮ್ಮೆಗೇ ತುತ್ತತುದಿಗೆ ಎತ್ತುವ ಆ ಗಂಟೆಗೂ ಇದರಲ್ಲಿ ಪಾಲಿದೆ. ಅಮೇರಿಕದ ಹಲವು ಠಾಣೆಗಳು ಈಗ ಕರ್ಕಶ ಗಂಟೆಯ ಬದಲು ಮೆಲ್ಲನೆ ಆರಂಭವಾಗಿ ಏರುವ ಸದ್ದನ್ನು ಅಳವಡಿಸಿಕೊಂಡಿವೆ. ಇದಕ್ಕೇನೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ ಎಂಬುದನ್ನು ಇಲ್ಲಿರುವ ಅಧಿಕಾರಿಗಳ ಗಮನಕ್ಕೆ ತರುತ್ತೇವೆ.

ಹೊಗೆಯಲ್ಲಿರುವ ಮತ್ತು ಉಡುಪಿನಲ್ಲಿರುವ ರಾಸಾಯನಿಕಗಳ ವಿಚಾರವೂ ಇದೆ. ಸುರಕ್ಷಾ ಉಡುಪಿಗೂ ನೊರೆಗೂ ಬಳಸಿದ ಕೆಲವು ರಾಸಾಯನಿಕಗಳು ಥೈರಾಯ್ಡಿನಂತಹ ಹಾರ್ಮೋನುಗಳ ಕೆಲಸಕ್ಕೆ ಅಡ್ಡಿಯಾಗಬಲ್ಲವು ಎಂಬ ಶಂಕೆ ಬಲವಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರಬಲ್ಲ ವೃತ್ತಿಗಳ ಮೊದಲ ಗುಂಪಿಗೆ ಸೇರಿಸಿತು. ಅದು ಪ್ರತ್ಯೇಕ ಭಾಷಣಕ್ಕೆ ತಕ್ಕ ವಿಷಯ, ಇಂದು ಬಿಟ್ಟುಬಿಡೋಣ.

ಸಹೋದರಿ ಕೇಳಿದ ಪ್ರಶ್ನೆಗೆ ಬರೋಣ. "ನಮ್ಮವರು ಮೊದಲು ಹೀಗಿರಲಿಲ್ಲ" ಎಂದರಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಬರ್ನ್ ಔಟ್ ಎನ್ನುತ್ತಾರೆ. ಉರಿದು ಬರಿದಾಗುವುದು ಎಂದರ್ಥ. ಬೆಂಕಿ ನಂದಿಸುವವರಿಗೆ ಈ ಪದ ತಗುಲಿಕೊಂಡದ್ದು ಎಂತಹ ವಿಪರ್ಯಾಸ! 1974ರಲ್ಲಿ ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ಕಂಡು ಈ ಪದವನ್ನು ಬಳಸಿದರು. ಬಳಿಕ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಮನಃಶಾಸ್ತ್ರಜ್ಞೆ ಇದಕ್ಕೆ ಮೂರು ಲಕ್ಷಣಗಳನ್ನು ಗುರುತಿಸಿದರು: ಮನಸ್ಸು ಬತ್ತಿ ಹೋಗುವುದು, ಸೇವೆ ಪಡೆಯುವ ಜನರನ್ನು ಮನುಷ್ಯರಂತೆ ಕಾಣಲಾಗದಿರುವುದು, ತನ್ನ ಕೆಲಸದಿಂದ ಯಾರಿಗೂ ಪ್ರಯೋಜನವಿಲ್ಲ ಎನಿಸುವುದು.

ಇದನ್ನು ನಮ್ಮ ಊರಿನ ಠಾಣೆಗೆ ಅನ್ವಯಿಸಿ ನೋಡಿ. ಇಲ್ಲಿ ಫೈರ್‌ಮ್ಯಾನ್ ಬೆಂಕಿಗೆ ಮಾತ್ರ ಹೋಗುವುದಿಲ್ಲ. ಬಾವಿಗೆ ಬಿದ್ದ ದನ, ಕೆರೆಯಲ್ಲಿ ಮುಳುಗಿದ ವಿದ್ಯಾರ್ಥಿ, ಮರಕ್ಕೆ ಗುದ್ದಿದ ಕಾರು, ಮಳೆಗಾಲದಲ್ಲಿ ನೆರೆ, ಎಲ್ಲದಕ್ಕೂ ಅವನೇ. ಬಾವಿಯಿಂದ ಶವ ಎತ್ತಿದ ಕೈಯಲ್ಲೇ ಮಧ್ಯಾಹ್ನ ಅನ್ನ ಕಲಸಬೇಕು. ಹತ್ತನೆಯ ಶವವನ್ನು ಎತ್ತುವಾಗ ಅವನು ಆ ಮುಖವನ್ನು ನೋಡದಿರಲು ಕಲಿತಿರುತ್ತಾನೆ. ಕಲಿಯದಿದ್ದರೆ ಹನ್ನೊಂದನೆಯದಕ್ಕೆ ಹೋಗಲಾರ. ಆದರೆ ಹಾಗೆ ಕಲಿತದ್ದು ಠಾಣೆಯ ಗೇಟಿನಲ್ಲೇ ಉಳಿಯುವುದಿಲ್ಲ, ಮನೆಯೊಳಗೂ ಬರುತ್ತದೆ. ಮಗುವಿನ ಮುಖವನ್ನೂ ನೋಡದಂತೆ ಮಾಡುತ್ತದೆ. ಮೂರನೆಯ ಲಕ್ಷಣವನ್ನು ಅವನಿಗೆ ದಯಪಾಲಿಸುವವರು ನಾವೇ, ಸಾರ್ವಜನಿಕರು. ವಾಹನಕ್ಕೆ ದಾರಿ ಬಿಡದೆ ತಡ ಮಾಡಿಸುವವರೂ ನಾವೇ, ತಲುಪಿದಾಗ "ಈಗ ಬಂದ್ರಾ? ಎಲ್ಲ ಸುಟ್ಟ ಮೇಲೆ?" ಎಂದು ಬಯ್ಯುವವರೂ ನಾವೇ. ಕೆಲವೆಡೆ ಕಲ್ಲೆಸೆದದ್ದೂ ಉಂಟು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಕಾಯಿಲೆಗಳ ಅಂತಾರಾಷ್ಟ್ರೀಯ ಪಟ್ಟಿಯ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಬರ್ನ್ ಔಟ್ ಅನ್ನು ದಾಖಲಿಸಿತು. ಹೇಗೆ ದಾಖಲಿಸಿತು ಎಂಬುದೇ ಮುಖ್ಯ. ಅದು ಇದನ್ನು ಕಾಯಿಲೆ ಎಂದು ಕರೆಯಲಿಲ್ಲ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ವೃತ್ತಿ ಸಂಬಂಧಿ ಸ್ಥಿತಿ ಎಂದಿತು. ಅಂದರೆ ಕಾರಣವನ್ನು ಹುಡುಕಬೇಕಾದುದು ಮೊದಲು ಕೆಲಸದ ಸ್ಥಳದಲ್ಲಿ, ಕೆಲಸಗಾರನ ರಕ್ತದಲ್ಲಿ ಅಲ್ಲ.

ರಕ್ತದಲ್ಲಿ ಹುಡುಕಿದವರು ಇಲ್ಲವೆಂದಲ್ಲ. ರಕ್ತ, ಜೊಲ್ಲು, ಮೂತ್ರ, ತಲೆಗೂದಲು ಎಲ್ಲದರಲ್ಲೂ ಹುಡುಕಿದ್ದಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಅದರಲ್ಲಿ ಕಳೆದ ತಿಂಗಳುಗಳ ಕಾರ್ಟಿಸಾಲ್ ಲೆಕ್ಕ ಸಿಗುತ್ತದೆ ಎಂಬುದು ಸಂಶೋಧಕರ ಜಾಣ್ಮೆ. ಫಲಿತಾಂಶ ಮಾತ್ರ ಒಂದೇ ದಾರಿಯಲ್ಲಿಲ್ಲ. ಬಳಲಿದವರಲ್ಲಿ ಕಾರ್ಟಿಸಾಲ್ ಹೆಚ್ಚಿದೆ ಎಂದು ಕೆಲವು ಅಧ್ಯಯನಗಳು, ಕಡಿಮೆಯಿದೆ ಎಂದು ಕೆಲವು, ವ್ಯತ್ಯಾಸವೇ ಇಲ್ಲ ಎಂದು ಇನ್ನು ಕೆಲವು ಹೇಳುತ್ತವೆ. 2011ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ಬರ್ನ್ ಔಟ್‌ಗೆ ನಂಬಬಹುದಾದ ಒಂದೇ ಒಂದು ದೈಹಿಕ ಗುರುತೂ ಸಿಗಲಿಲ್ಲ. ಯುದ್ಧ ಮತ್ತು ನರಮೇಧದಿಂದ ಬದುಕುಳಿದು ಮಾನಸಿಕ ಆಘಾತಕ್ಕೆ ಒಳಗಾದವರಲ್ಲಿ ಕಾರ್ಟಿಸಾಲ್ ನಿರೀಕ್ಷೆಗಿಂತ ಕಡಿಮೆಯಿರುವುದನ್ನು ರೇಚಲ್ ಯಹೂದಾ ಎಂಬ ವಿಜ್ಞಾನಿ 1990ರ ದಶಕದಲ್ಲಿ ತೋರಿಸಿದ್ದರು. ಹೆಚ್ಚಾದರೂ ಸಂಕಟ, ಕಡಿಮೆಯಾದರೂ ಸಂಕಟ. ಹೀಗಿರುವಾಗ ಒಂದು ಬೆಳಿಗ್ಗೆ ಕೊಟ್ಟ ಒಂದು ಸಿರಿಂಜು ರಕ್ತದ ಅಂಕಿಯಿಂದ ಬಳಲಿಕೆಯನ್ನು ಅಳೆಯುವುದು ಹೇಗೆ? ಅದರಲ್ಲೂ ರಾತ್ರಿ ಪಾಳಿ ಮಾಡಿದವನ ಬೆಳಗು ಯಾವುದು, ಸಂಜೆ ಯಾವುದು ಎಂಬುದೇ ಶರೀರಕ್ಕೆ ಗೊಂದಲವಾಗಿರುವಾಗ?

ಈ ಗೊಂದಲದಲ್ಲಿ ವ್ಯಾಪಾರ ನುಸುಳಿದೆ. ಅಡ್ರಿನಲ್ ಗ್ರಂಥಿ ದಣಿದಿದೆ ಎಂಬ ಹೊಸ ಕಾಯಿಲೆಯೊಂದನ್ನು ಸೃಷ್ಟಿಸಿ ಅದಕ್ಕೆ ಗುಳಿಗೆ, ಪುಡಿ ಮಾರುತ್ತಿದ್ದಾರೆ. ಹಾರ್ಮೋನು ತಜ್ಞರ ಸಂಘಟನೆಗಳು ಇಂತಹ ಕಾಯಿಲೆಯನ್ನು ಒಪ್ಪಿಲ್ಲ. ಬ್ರೆಜಿಲಿನ ಇಬ್ಬರು ವೈದ್ಯರು 2016ರಲ್ಲಿ 58 ಅಧ್ಯಯನಗಳನ್ನು ಪರಿಶೀಲಿಸಿ ಇದಕ್ಕೆ ಆಧಾರವಿಲ್ಲ ಎಂದು ಬರೆದರು. ಅಮೇರಿಕದಲ್ಲಿ ಇಂತಹ 12 ಬಗೆಯ ಉತ್ಪನ್ನಗಳನ್ನು ತಂದು ಪರೀಕ್ಷಿಸಿದಾಗ ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನಿನ ಅಂಶವಿತ್ತು, ಹಲವಲ್ಲಿ ಸ್ಟಿರಾಯ್ಡ್ ಇತ್ತು ಎಂದು 2018ರಲ್ಲಿ ವರದಿಯಾಯಿತು. ಡಬ್ಬಿಯ ಮೇಲೆ ಅದರ ಉಲ್ಲೇಖವಿರಲಿಲ್ಲ! ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಮೈಕೈ ನೋವು, ಸುಸ್ತು ಎಂದರೆ ಚೀಟಿಯಿಲ್ಲದೆ ಸ್ಟಿರಾಯ್ಡ್ ಗುಳಿಗೆ ಕೊಡುವ ಅಂಗಡಿಗಳಿವೆ. ತಿಂಗಳುಗಟ್ಟಲೆ ನುಂಗಿದರೆ ಶರೀರ ತನ್ನ ಕಾರ್ಟಿಸಾಲನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಒಮ್ಮೆಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಅಡ್ರಿನಲ್ ಗ್ರಂಥಿ ನಿಜವಾಗಿ ಕೆಡುವ ಕಾಯಿಲೆ ಬೇರೆಯೇ ಇದೆ. ಥಾಮಸ್ ಅಡಿಸನ್ ಎಂಬ ವೈದ್ಯರು 1855ರಲ್ಲಿ ವಿವರಿಸಿದ ಕಾಯಿಲೆ ಅದು, ಅಪರೂಪದ್ದು. ತೂಕ ಇಳಿಯುವುದು, ಚರ್ಮ ಕಪ್ಪಾಗುವುದು, ರಕ್ತದೊತ್ತಡ ಕುಸಿಯುವುದು, ಉಪ್ಪಿನ ಹಂಬಲ ಅದರ ಲಕ್ಷಣಗಳು. ಅಂತಹವರಿಗೆ ಕಾರ್ಟಿಸಾಲ್ ಪರೀಕ್ಷೆ ಬೇಕೇ ಬೇಕು, ಅದನ್ನು ವೈದ್ಯರೇ ಬರೆದುಕೊಡುತ್ತಾರೆ.

ಆದ್ದರಿಂದ ಸಹೋದರಿ, ತಾವು ಈ ಸಭೆಯಲ್ಲಿದ್ದರೆ ಕೇಳಿಸಿಕೊಳ್ಳಿ. ಆ ಕೆಲವು ಸಾವಿರ ರೂಪಾಯಿಗಳನ್ನು ಹಾರ್ಮೋನುಗಳ ದೊಡ್ಡ ಪಟ್ಟಿಗೆ ಸುರಿಯಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ. ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ ನೋಡಿಸಿ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾ ಉಸಿರು ನಿಂತಂತಾಗುವುದಿದ್ದರೆ ಅದನ್ನೂ ಹೇಳಿ. ಬದುಕಿ ಏನು ಪ್ರಯೋಜನ ಎಂಬ ಮಾತು ಅವರ ಬಾಯಲ್ಲಿ ಬಂದಿದ್ದರೆ ನಾಳೆಗೆ ಮುಂದೂಡಬೇಡಿ. ಖಿನ್ನತೆಗೆ ಚಿಕಿತ್ಸೆಯಿದೆ, ಮನೋವೈದ್ಯರ ಬಳಿಗೆ ಹೋಗುವುದರಲ್ಲಿ ಅವಮಾನವೇನಿಲ್ಲ.

ಆದರೆ ವೈದ್ಯರು ಮಾಡಲಾರದ ಕೆಲಸವೊಂದಿದೆ. ಅವರು ಪಾಳಿಯನ್ನು ಬದಲಿಸಲಾರರು.

ನಮ್ಮ ರಾಜಕಾರಣ ಇಲ್ಲಿ ಪ್ರವೇಶಿಸಬೇಕು. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ಪೌರಸಂಸ್ಥೆಗಳ ವಿಷಯಗಳಲ್ಲೊಂದು. ನಡೆಸುವವರು ಹೆಚ್ಚಿನೆಡೆ ರಾಜ್ಯ ಸರಕಾರಗಳು, ಸಲಹೆ ಕೊಡುವುದು ಕೇಂದ್ರ. ಮೂವರಿಗೂ ಸೇರಿದ್ದು ಯಾರಿಗೂ ಸೇರದು ಎಂಬ ಗಾದೆಯಂತಾಗಿದೆ. ಕೇಂದ್ರ ಗೃಹ ಸಚಿವಾಲಯ ಮಾಡಿಸಿದ, 2012ರಲ್ಲಿ ಸಿದ್ಧವಾದ ಅಧ್ಯಯನವು ದೇಶಕ್ಕೆ ಅಗತ್ಯವಿರುವ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಶೇ. 90ಕ್ಕೂ ಮೀರಿದ ಕೊರತೆಯನ್ನು ತೋರಿಸಿತ್ತು. ಆ ಮಾನದಂಡ ತುಸು ಉದಾರವೆಂದೇ ಇಟ್ಟುಕೊಳ್ಳೋಣ, ಅರ್ಧಕ್ಕಿಳಿಸಿ ನೋಡಿದರೂ ಲೆಕ್ಕ ಭಯಾನಕ. 2023ರಲ್ಲಿ ಕೇಂದ್ರವು ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಸ್ವಾಗತಿಸೋಣ. ಹೊಸ ಕೆಂಪು ವಾಹನಗಳ ಮುಂದೆ ಹಸಿರು ಬಾವುಟ ಬೀಸುವ ಸಚಿವರ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಒಬ್ಬ ಫೈರ್‌ಮ್ಯಾನ್‌ಗೆ ಹೆಚ್ಚುವರಿಯಾಗಿ ಸಿಕ್ಕ ಒಂದು ರಾತ್ರಿಯ ನಿದ್ದೆಗೆ ಬಾವುಟ ಬೀಸಲು ಬರುವುದಿಲ್ಲ, ಚಿತ್ರ ತೆಗೆಯಲೂ ಬರುವುದಿಲ್ಲ. ಕಷ್ಟವಿರುವುದು ಅಲ್ಲಿಯೇ.

ಸಿಬ್ಬಂದಿ ಕಡಿಮೆಯಿದ್ದರೆ ಏನಾಗುತ್ತದೆ ಎಂಬುದನ್ನು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಒಬ್ಬ ರಜೆ ಹಾಕಿದರೆ ಇನ್ನೊಬ್ಬನ ಪಾಳಿ ಉದ್ದವಾಗುತ್ತದೆ. ವಾರದ ರಜೆ ಕಾಗದದಲ್ಲಿ ಉಳಿಯುತ್ತದೆ. ಕರೆ ಮುಗಿಸಿ ಬಂದವನು ಬಟ್ಟೆ ಬದಲಿಸುವ ಮೊದಲೇ ಮತ್ತೆ ಗಂಟೆ. ಕಾರ್ಟಿಸಾಲ್ ಇಳಿಯಲು ಬೇಕಾದ ಬಿಡುವು ಅಲ್ಲಿ ಇರುವುದೇ ಇಲ್ಲ. ಆಗ ಅವನು ತಪ್ಪು ಮಾಡುತ್ತಾನೆ, ಸಿಡುಕುತ್ತಾನೆ, ಮೆಮೊ ಪಡೆಯುತ್ತಾನೆ. ಮೆಮೊದಲ್ಲಿ "ಕರ್ತವ್ಯಲೋಪ" ಎಂದಿರುತ್ತದೆ.

ಗಟ್ಟಿ ಮನಸ್ಸಿನವರನ್ನೇ ಆರಿಸಿ ಸೇರಿಸಿಕೊಂಡರಾಯಿತಲ್ಲ ಎಂದು ಕೆಲವು ಅಧಿಕಾರಿಗಳು ಕೇಳುವುದುಂಟು. ಅವರಿಗೂ ಒಂದು ಆಧಾರ ಸಿಗುತ್ತದೆ. ಜರ್ಮನಿಯಲ್ಲಿ 43 ಮಂದಿ ಹೊಸ ಅಗ್ನಿಶಾಮಕ ಸಿಬ್ಬಂದಿಯನ್ನು ತರಬೇತಿ ಮುಗಿದಾಗಿನಿಂದ ಎರಡು ವರ್ಷ ಹಿಂಬಾಲಿಸಿ, ಹಾರ್ಮೋನುಗಳನ್ನೂ ಸ್ವಭಾವವನ್ನೂ ಅಳೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ಕಂಡುಬಂದ ಆಘಾತದ ಲಕ್ಷಣಗಳ ಏರುಪೇರಿನಲ್ಲಿ ಶೇ. 42ರಷ್ಟನ್ನು ಮೊದಲೇ ಇದ್ದ ಎರಡು ಗುಣಗಳು ವಿವರಿಸುತ್ತಿದ್ದವು. ಒಂದು, ಇತರರ ಮೇಲಿನ ಹಗೆತನದ ಭಾವ. ಇನ್ನೊಂದು, ತನ್ನಿಂದ ಸಾಧ್ಯ ಎಂಬ ನಂಬಿಕೆಯ ಕೊರತೆ. ಆದರೆ ನಲವತ್ತಮೂರು ಮಂದಿಯ ಅಧ್ಯಯನದಿಂದ ಇಡೀ ಇಲಾಖೆಯ ನೇಮಕಾತಿ ನೀತಿ ಬರೆಯಲಾಗದು. ಉಳಿದ ಶೇ. 58ರ ಲೆಕ್ಕ ಆ ಎರಡು ಗುಣಗಳಲ್ಲಿ ಸಿಗಲೂ ಇಲ್ಲ. ತನ್ನಿಂದ ಸಾಧ್ಯ ಎಂಬ ನಂಬಿಕೆಯಾದರೋ ಹುಟ್ಟಿನಿಂದಲೇ ಬರುವುದಲ್ಲ. ಒಳ್ಳೆಯ ತರಬೇತಿ, ಸೋರದ ಕೊಳವೆ, ಕೆಟ್ಟು ನಿಲ್ಲದ ವಾಹನ, ಬೆನ್ನ ಹಿಂದೆ ನಿಲ್ಲುವ ಅಧಿಕಾರಿ ಇದ್ದರೆ ಆ ನಂಬಿಕೆ ತಾನೇ ಬೆಳೆಯುತ್ತದೆ.

ಸರಕಾರ ಮನಸ್ಸು ಮಾಡಿದರೆ ಸಾಧ್ಯ ಎಂಬುದಕ್ಕೆ ದಕ್ಷಿಣ ಕೊರಿಯಾ ಉದಾಹರಣೆ. ಅಲ್ಲಿಯೂ ಅಗ್ನಿಶಾಮಕ ಸಿಬ್ಬಂದಿ ಬಹುತೇಕ ಪ್ರಾಂತ್ಯಗಳ ನೌಕರರಾಗಿದ್ದರು. ಶ್ರೀಮಂತ ಪ್ರಾಂತ್ಯದಲ್ಲಿ ಜನರೂ ಉಪಕರಣಗಳೂ ಇದ್ದರೆ ಬಡ ಪ್ರಾಂತ್ಯದಲ್ಲಿ ಇಲ್ಲ ಎಂಬ ಸ್ಥಿತಿಯಿತ್ತು. 2019ರಲ್ಲಿ ಗಾಂಗ್‌ವನ್ ಪ್ರಾಂತ್ಯದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ದೇಶದ ಎಲ್ಲೆಡೆಯಿಂದ ವಾಹನಗಳು ಸಾಲುಗಟ್ಟಿ ಅಲ್ಲಿಗೆ ಹೋದವು. ಜನರ ಒತ್ತಾಯ ಹೆಚ್ಚಿತು. 2020ರ ಏಪ್ರಿಲ್ 1ರಿಂದ 50 ಸಾವಿರಕ್ಕೂ ಹೆಚ್ಚು ಸಿಬ್ಬಂದಿಯನ್ನು ರಾಷ್ಟ್ರೀಯ ಸೇವೆಗೆ ಸೇರಿಸಲಾಯಿತು. ಅಲ್ಲಿ ಎಲ್ಲವೂ ಸರಿಯಾಯಿತು ಎಂದು ನಾವು ಹೇಳುವುದಿಲ್ಲ. ಹೊಣೆ ಯಾರದು ಎಂಬ ಪ್ರಶ್ನೆಗಾದರೂ ಅಲ್ಲಿ ಉತ್ತರ ಸಿಕ್ಕಿತು.

ಬಂಧುಗಳೇ, ಸಮಯ ಮೀರುತ್ತಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಳೆದ ವರ್ಷ ನಮ್ಮನ್ನು ತಡೆದು ಕೇಳಿದ ಸಹೋದರಿ ಒಬ್ಬರೇ ಅಲ್ಲ ಎಂಬುದು ಬಳಿಕ ಗೊತ್ತಾಯಿತು. ಸಿಬ್ಬಂದಿ ವಸತಿಗೃಹದ ಏಳೆಂಟು ಮಂದಿ ಮಹಿಳೆಯರು ಕೂಡಿ ಒಂದು ಮನವಿಯನ್ನು ಸಿದ್ಧಪಡಿಸಿದ್ದಾರೆ. ಸರಕಾರಿ ಶಿಸ್ತಿಗೆ ಒಳಪಟ್ಟ ಗಂಡಸರು ಸಹಿ ಹಾಕಲು ಹಿಂಜರಿದಾರು ಎಂದು ಅದನ್ನು ಕುಟುಂಬದವರ ಹೆಸರಿನಲ್ಲೇ ಬರೆದಿದ್ದಾರೆ. ಖಾಲಿ ಹುದ್ದೆಗಳನ್ನು ತುಂಬಿರಿ, ರಾತ್ರಿ ಕರೆಗೆ ಹೋದವರಿಗೆ ಮರುದಿನದ ಬಿಡುವನ್ನು ಹಾಜರಿ ಪುಸ್ತಕದಲ್ಲೇ ನಮೂದಿಸಿರಿ, ವರ್ಷಕ್ಕೊಮ್ಮೆ ಹೃದಯದ ಸಹಿತ ಆರೋಗ್ಯ ತಪಾಸಣೆ ಮಾಡಿಸಿರಿ, ಶವ ಎತ್ತುವಂತಹ ಕೆಲಸದ ಬಳಿಕ ಮಾತನಾಡಲು ಇಲಾಖೆಯ ಹೊರಗಿನ ಒಬ್ಬ ಮನಃಶಾಸ್ತ್ರಜ್ಞರನ್ನು ಗೊತ್ತುಪಡಿಸಿರಿ, ಆ ಭೇಟಿಯ ವಿಷಯ ಸೇವಾ ಪುಸ್ತಕಕ್ಕೆ ಹೋಗದಿರಲಿ ಎಂದು ಅದರಲ್ಲಿ ಕೇಳಿದ್ದಾರೆ. ಗಂಟೆಯ ಸದ್ದನ್ನು ಬದಲಿಸುವ ಮಾತನ್ನು ನಮ್ಮ ಕಡೆಯಿಂದ ಸೇರಿಸಿದ್ದೇವೆ. ಮನವಿಯ ಪ್ರತಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಸಾರ್ವಜನಿಕರಿಗೂ ಸಹಿ ಹಾಕಲು ಜಾಗ ಬಿಟ್ಟಿದ್ದಾರೆ, ಊಟಕ್ಕೆ ಹೋಗುವ ಮುನ್ನ ಅಲ್ಲಿ ನಿಂತು ಓದಿರಿ.